ಸರಾಸರಿ ಒಂದೇ, ಏರಿಳಿತ ಬೇರೆ: ಬೇಸಿಗೆಯಲ್ಲಿ ಶುಗರ್ ಡೈರಿ ಓದುವುದು ಹೇಗೆ?

ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಶುಗರ್ ಬರೆದಿಡುವ ಒಂದು ಪುಟ್ಟ ಡೈರಿಯೂ ಇರುತ್ತದೆ. ಅದನ್ನು ನೋಡಿ ನಾವು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: "ಸರಾಸರಿ ಎಷ್ಟು?" ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಹೇಳುವುದೂ ಒಂದು ಬಗೆಯ ಸರಾಸರಿಯನ್ನೇ. ಸರಾಸರಿ ಬೇಕು, ಆದರೆ ಅದೊಂದೇ ಸಾಲದು. ಇಬ್ಬರ ಸರಾಸರಿ ಒಂದೇ ಇದ್ದರೂ ಒಬ್ಬರು ನೆಮ್ಮದಿಯಾಗಿ ಮಲಗಬಹುದು, ಇನ್ನೊಬ್ಬರು ಬೆಳಗಿನ ಜಾವ ಶುಗರ್ ಕುಸಿದು ಬೆವರಿ ಏಳಬಹುದು. ಆ ವ್ಯತ್ಯಾಸವನ್ನು ಅಳೆಯುವ ಅಂಕಿಯ ಹೆಸರು ಮಾನಕ ವಿಚಲನೆ. ವರದಿಗಳಲ್ಲಿ ಇದನ್ನು ಎಸ್‌ಡಿ ಎಂದು ಬರೆದಿರುತ್ತಾರೆ. ಹೈಸ್ಕೂಲಿನ ಗಣಿತದಲ್ಲಿ ಓದಿ ಮರೆತಿರುವ ಈ ಲೆಕ್ಕ ಬೇಸಿಗೆಯಲ್ಲಿ ನಿಮ್ಮ ಮನೆಯವರ ಜೀವ ಕಾಯುವಷ್ಟು ಉಪಯುಕ್ತ. ಹೇಗೆ ಎಂದು ನೋಡೋಣ.

ನಾಗಪುರ ಮತ್ತು ಮಂಗಳೂರು

ನಾನಿರುವುದು ನಾಗಪುರ ಜಿಲ್ಲೆಯ ಕಳಮೇಶ್ವರದಲ್ಲಿ. ನಾಗಪುರದಿಂದ ಸುಮಾರು 20 ಕಿಲೋಮೀಟರ್ ದೂರದ, ಕಾರ್ಖಾನೆಗಳೂ ಕಿತ್ತಳೆ ತೋಟಗಳೂ ಇರುವ ಊರು. ಕರ್ನಾಟಕದಿಂದ ವಿದರ್ಭಕ್ಕೆ ಬಂದವರು ಮೇ ತಿಂಗಳಲ್ಲಿ ಫಾರ್ಮಸಿಯವರನ್ನು ಕೇಳುವ ಪ್ರಶ್ನೆ ಹೆಚ್ಚಾಗಿ ಇದೇ ಬಗೆಯದು: "ಊರಲ್ಲಿ ಇನ್ಸುಲಿನ್ ಅಲಮಾರಿನಲ್ಲೇ ಇಡುತ್ತಿದ್ದೆವು, ಏನೂ ಆಗುತ್ತಿರಲಿಲ್ಲ. ಇಲ್ಲಿ ಯಾಕೆ ಅಷ್ಟು ಹೆದರಿಸುತ್ತೀರಿ?"

ಉತ್ತರ ಆ ಎರಡು ಊರುಗಳ ತಾಪಮಾನದಲ್ಲೇ ಇದೆ. ಹಗಲು, ರಾತ್ರಿ, ಬೇಸಿಗೆ, ಚಳಿಗಾಲ ಎಲ್ಲವನ್ನೂ ಸೇರಿಸಿ ಸರಾಸರಿ ತೆಗೆದರೆ ನಾಗಪುರವೂ ಮಂಗಳೂರೂ 27–28 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತವೆ. ಔಷಧದ ಪೊಟ್ಟಣದ ಮೇಲೆ "30 ಡಿಗ್ರಿ ಮೀರದಂತೆ ಇಡಿ" ಎಂದಿದ್ದರೆ, ಬರೀ ಸರಾಸರಿ ನೋಡುವವರಿಗೆ ಎರಡೂ ಊರು ಸುರಕ್ಷಿತವಾಗಿಯೇ ಕಾಣುತ್ತವೆ.

ಈಗ ತಿಂಗಳವಾರು ಗರಿಷ್ಠ ತಾಪಮಾನ ನೋಡಿ. ಸುಮಾರು ಅಂಕಿಗಳನ್ನು ಪೂರ್ಣಾಂಕದಲ್ಲಿ ಕೊಟ್ಟಿದ್ದೇನೆ.

ನಾಗಪುರ (ಜನವರಿಯಿಂದ ಡಿಸೆಂಬರ್): 29, 32, 36, 40, 43, 38, 32, 30, 32, 33, 31, 29.

ಮಂಗಳೂರು: 33, 33, 34, 34, 33, 30, 29, 29, 30, 31, 32, 33.

ಮೊದಲ ಸಾಲಿನ ಸರಾಸರಿ ಸುಮಾರು 34, ಎರಡನೆಯದರ ಸರಾಸರಿ ಸುಮಾರು 32. ಅಂತರ ಎರಡೇ ಡಿಗ್ರಿ. ಆದರೆ ಮಾನಕ ವಿಚಲನೆ ಲೆಕ್ಕ ಹಾಕಿದರೆ ನಾಗಪುರದ್ದು 4 ಡಿಗ್ರಿಗಿಂತ ತುಸು ಹೆಚ್ಚು, ಮಂಗಳೂರಿನದು 2ಕ್ಕಿಂತ ಕಡಿಮೆ. ಅಂದರೆ ಮಂಗಳೂರಿನಲ್ಲಿ ವರ್ಷದ ಹೆಚ್ಚಿನ ತಿಂಗಳುಗಳು ಸರಾಸರಿಯ ಅಕ್ಕಪಕ್ಕದಲ್ಲೇ ಇರುತ್ತವೆ. ನಾಗಪುರದಲ್ಲಿ ತಿಂಗಳುಗಳು ಸರಾಸರಿಯಿಂದ ದೂರ ದೂರ ಚದುರಿವೆ. ಏಪ್ರಿಲ್, ಮೇ ತಿಂಗಳುಗಳು 40 ದಾಟುತ್ತವೆ. ಇಲ್ಲಿನವರು ನೌತಪಾ ಎಂದು ಕರೆಯುವ ಮೇ ಕೊನೆಯ ದಿನಗಳಲ್ಲಿ 45ರ ಹತ್ತಿರ ಹೋಗುವುದೂ ಅಪರೂಪವಲ್ಲ.

ಇನ್ಸುಲಿನ್‌ಗೆ ವರ್ಷದ ಸರಾಸರಿ ಗೊತ್ತಿಲ್ಲ. ಅದಕ್ಕೆ ತಾಗುವುದು ಆ ಮಧ್ಯಾಹ್ನದ ಬಿಸಿ. ಔಷಧ ಉದ್ಯಮದಲ್ಲಿ ಗೋದಾಮಿನ ತಾಪಮಾನ ಲೆಕ್ಕ ಹಾಕುವಾಗಲೂ ಸಾದಾ ಸರಾಸರಿಯನ್ನು ನೆಚ್ಚಿಕೊಳ್ಳುವುದಿಲ್ಲ. ಬಿಸಿಯಾದ ಗಂಟೆಗಳಿಗೆ ಹೆಚ್ಚು ತೂಕ ಕೊಡುವ ಬೇರೊಂದು ಲೆಕ್ಕ ಬಳಸುತ್ತಾರೆ. ಔಷಧ ಕೆಡುವ ವೇಗ ಬಿಸಿಯೊಂದಿಗೆ ನೇರ ಗೆರೆಯಲ್ಲಿ ಏರುವುದಿಲ್ಲ, ಜಿಗಿದು ಏರುತ್ತದೆ. ಆದ್ದರಿಂದ ನಾಲ್ಕು ಗಂಟೆ 44 ಡಿಗ್ರಿಯಲ್ಲಿ ಬೆಂದದ್ದನ್ನು ರಾತ್ರಿಯ ತಂಪು ಸರಿದೂಗಿಸುವುದಿಲ್ಲ.

ಹವಾಮಾನ ಇಲಾಖೆಯೂ ಎಲ್ಲ ಊರಿಗೂ ಒಂದೇ ಅಳತೆ ಹಿಡಿಯುವುದಿಲ್ಲ. ಬಿಸಿಗಾಳಿ ಎಂದು ಪರಿಗಣಿಸಲು ಬಯಲು ಸೀಮೆಯಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಇರಬೇಕು. ಜೊತೆಗೆ ಅದು ಆ ದಿನದ ವಾಡಿಕೆಯ ತಾಪಮಾನಕ್ಕಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು. 6.4 ಡಿಗ್ರಿಗಿಂತಲೂ ಮೀರಿದರೆ ತೀವ್ರ ಬಿಸಿಗಾಳಿ. ತಾಪಮಾನ 45 ತಲುಪಿದರೆ ವಾಡಿಕೆ ಎಷ್ಟೇ ಇರಲಿ, ಅದು ಬಿಸಿಗಾಳಿಯೇ. "ವಾಡಿಕೆಯಿಂದ ಎಷ್ಟು ದೂರ?" ಎಂಬ ಈ ಪ್ರಶ್ನೆಯೇ ಮಾನಕ ವಿಚಲನೆಯ ಬೇರು. ಅದನ್ನೇ ಈಗ ಶುಗರ್ ಡೈರಿಗೆ ಕೇಳೋಣ.

ಒಂದೇ ಮನೆಯ ಎರಡು ವಾರ

ಇನ್ಸುಲಿನ್ ತೆಗೆದುಕೊಳ್ಳುವ ಒಬ್ಬರ ಬೆಳಗಿನ ತಿಂಡಿಗೆ ಮುಂಚಿನ ಶುಗರ್ ಇದು ಎಂದುಕೊಳ್ಳಿ. ಲೆಕ್ಕ ತಿಳಿಯಲೆಂದು ನಾನೇ ಹಾಕಿಕೊಂಡ ಅಂಕಿಗಳಿವು, ಯಾವುದೇ ರೋಗಿಯದಲ್ಲ. ಎಲ್ಲವೂ ಮಿಲಿಗ್ರಾಂ ಪ್ರತಿ ಡೆಸಿಲೀಟರ್ ಲೆಕ್ಕದಲ್ಲಿವೆ.

ಜನವರಿಯ ವಾರ: 132, 170, 148, 165, 140, 175, 155.

ಮೇ ತಿಂಗಳ ವಾರ: 62, 248, 118, 232, 74, 221, 130.

ಎರಡನ್ನೂ ಕೂಡಿ ನೋಡಿ. ಎರಡರ ಮೊತ್ತವೂ 1085. ಏಳರಿಂದ ಭಾಗಿಸಿದರೆ ಎರಡರ ಸರಾಸರಿಯೂ 155. ಬರೀ ಸರಾಸರಿ ಹೇಳಿದರೆ ವೈದ್ಯರಿಗೆ ಎರಡು ವಾರಗಳಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಆದರೆ ಮೇ ತಿಂಗಳ ವಾರದಲ್ಲಿ ಒಂದು ಬೆಳಗ್ಗೆ ಶುಗರ್ 62ಕ್ಕೆ ಇಳಿದಿದೆ. 70ಕ್ಕಿಂತ ಕಡಿಮೆಯಾದರೆ ಅದು ಲೋ ಶುಗರ್. ಮರುದಿನವೇ ಅದು 248ಕ್ಕೆ ಏರಿದೆ.

ಮಾನಕ ವಿಚಲನೆ ಕಂಡುಹಿಡಿಯಲು ನಾಲ್ಕು ಹೆಜ್ಜೆ ಸಾಕು. ಜನವರಿಯ ವಾರವನ್ನೇ ತೆಗೆದುಕೊಳ್ಳೋಣ.

1. ಸರಾಸರಿ ತೆಗೆಯಿರಿ: 155.

2. ಪ್ರತಿ ಅಂಕಿ ಸರಾಸರಿಯಿಂದ ಎಷ್ಟು ದೂರವಿದೆ ಎಂದು ಬರೆಯಿರಿ: ಕ್ರಮವಾಗಿ 23 ಕಡಿಮೆ, 15 ಹೆಚ್ಚು, 7 ಕಡಿಮೆ, 10 ಹೆಚ್ಚು, 15 ಕಡಿಮೆ, 20 ಹೆಚ್ಚು, ಸೊನ್ನೆ. ಇವನ್ನು ಹಾಗೆಯೇ ಕೂಡಿದರೆ ಹೆಚ್ಚು, ಕಡಿಮೆ ಹೊಡೆದುಹೋಗಿ ಸೊನ್ನೆ ಬರುತ್ತದೆ. ಅದಕ್ಕಾಗಿಯೇ ಮುಂದಿನ ಹೆಜ್ಜೆ.

3. ಪ್ರತಿ ದೂರವನ್ನು ಅದರಿಂದಲೇ ಗುಣಿಸಿ ವರ್ಗ ಮಾಡಿ: 529, 225, 49, 100, 225, 400, 0. ಮೊತ್ತ 1528. ಏಳರಿಂದ ಭಾಗಿಸಿದರೆ ಸುಮಾರು 218.

4. ವರ್ಗಮೂಲ ತೆಗೆಯಿರಿ: ಸುಮಾರು 15.

ಇದೇ ಲೆಕ್ಕವನ್ನು ಮೇ ತಿಂಗಳ ವಾರಕ್ಕೆ ಮಾಡಿದರೆ ವರ್ಗಗಳ ಮೊತ್ತ 36,138, ಏಳರಿಂದ ಭಾಗಿಸಿದಾಗ ಸುಮಾರು 5163, ವರ್ಗಮೂಲ ಸುಮಾರು 72. ಜನವರಿಯಲ್ಲಿ ಒಂದು ದಿನದ ಶುಗರ್ ಸರಾಸರಿಯಿಂದ ಹೆಚ್ಚುಕಡಿಮೆ 15ರಷ್ಟು ಆಚೀಚೆ ಇತ್ತು. ಮೇ ತಿಂಗಳಲ್ಲಿ 72ರಷ್ಟು ಆಚೀಚೆ. ಸರಾಸರಿ ಮುಚ್ಚಿಟ್ಟದ್ದನ್ನು ಈ ಎರಡು ಅಂಕಿಗಳು ಬಿಚ್ಚಿ ತೋರಿಸಿದವು.

ಫೋನಿನ ಕ್ಯಾಲ್ಕುಲೇಟರ್ ಆ್ಯಪ್ ಅಥವಾ ಕಂಪ್ಯೂಟರಿನಲ್ಲಿ ಮಾಡಿದರೆ ಉತ್ತರ ತುಸು ದೊಡ್ಡದು ಬರಬಹುದು. ಅಂಕಿಗಳು ಕೆಲವೇ ಇದ್ದಾಗ ಏಳರ ಬದಲು ಆರರಿಂದ ಭಾಗಿಸುವ ಪದ್ಧತಿಯೂ ಇದೆ. ಆಗ 15 ಇದ್ದದ್ದು 16 ಆಗುತ್ತದೆ, 72 ಇದ್ದದ್ದು 78 ಆಗುತ್ತದೆ. ಯಾವುದನ್ನು ಬಳಸಿದರೂ ಸರಿ, ಎರಡೂ ವಾರಗಳಿಗೆ ಅದೊಂದನ್ನೇ ಬಳಸಿ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿ ನೋಡಿದರೆ ಸಾಕು ಎನ್ನುತ್ತಾರೆ ಹಿರಿಯರು. ಅದು ನಿಜ, ಏಕೆಂದರೆ ಒಂದೇ ಪಾತ್ರೆಯ ಅಗುಳುಗಳ ನಡುವೆ ವ್ಯತ್ಯಾಸ ಬಹಳ ಕಡಿಮೆ. ಜನವರಿಯ ಡೈರಿಯೂ ಹಾಗೆಯೇ, ಯಾವ ದಿನ ನೋಡಿದರೂ ಸುಮಾರಾಗಿ ಒಂದೇ ಚಿತ್ರ. ಮೇ ತಿಂಗಳ ಡೈರಿಯಲ್ಲಿ ಒಂದು ದಿನದ ಅಂಕಿ ನೋಡಿ ಇನ್ನೊಂದು ದಿನವನ್ನು ಊಹಿಸಲಾಗದು. ಚದುರುವಿಕೆ ಹೆಚ್ಚಿದ್ದಷ್ಟೂ ಹೆಚ್ಚು ಬಾರಿ ಪರೀಕ್ಷೆ ಮಾಡಬೇಕು.

ಎಚ್‌ಬಿಎ1ಸಿ ಇದನ್ನು ಹೇಳುವುದಿಲ್ಲವೇ?

ಹೇಳುವುದಿಲ್ಲ. ಎಚ್‌ಬಿಎ1ಸಿ ಶೇ. 7 ಎಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ಸುಮಾರು 154 ಎಂದರ್ಥ. ಆ 154 ಸಮತಟ್ಟಾಗಿ ಬಂದಿತೋ ಬೆಟ್ಟ ಕಣಿವೆ ಹತ್ತಿಳಿದು ಬಂದಿತೋ ಆ ಅಂಕಿಗೆ ಗೊತ್ತಿಲ್ಲ.

ವಿದರ್ಭದವರು ಇನ್ನೊಂದು ವಿಷಯ ನೆನಪಿಡಬೇಕು. ಈ ಭಾಗದಲ್ಲಿ ಸಿಕಲ್ ಸೆಲ್ ರಕ್ತದೋಷ ಇರುವವರ ಸಂಖ್ಯೆ ಗಣನೀಯ. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭಿಸಿದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಮಹಾರಾಷ್ಟ್ರವೂ ಸೇರಿದೆ. ಸಿಕಲ್ ಸೆಲ್ ಇದ್ದವರಲ್ಲಿ, ತೀವ್ರ ರಕ್ತಹೀನತೆ ಇದ್ದವರಲ್ಲಿ, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ಎಚ್‌ಬಿಎ1ಸಿ ದಾರಿ ತಪ್ಪಿಸಬಹುದು. ಅಂಥವರಿಗೆ ಮನೆಯ ಡೈರಿಯೇ ಹೆಚ್ಚು ನಂಬಿಕೆಯ ಸಾಕ್ಷಿ. ನಿಮ್ಮ ಮನೆಯವರಿಗೆ ಸಿಕಲ್ ಸೆಲ್ ಇದ್ದರೆ ಶುಗರ್ ನೋಡುವ ವೈದ್ಯರಿಗೂ ಅದನ್ನು ತಪ್ಪದೆ ಹೇಳಿ.

ಮೊದಲು ಅಂಕಿ ಸರಿಯಿದೆಯೇ ನೋಡಿ

2024ರ ಮೇ ಕೊನೆಯಲ್ಲಿ ನಾಗಪುರದ ಒಂದು ಸ್ವಯಂಚಾಲಿತ ಹವಾಮಾನ ಕೇಂದ್ರ 56 ಡಿಗ್ರಿ ತೋರಿಸಿತು. ಅದಕ್ಕೆ ತುಸು ಮುಂಚೆ, ಮೇ 29ರಂದು, ದೆಹಲಿಯ ಮುಂಗೇಶಪುರದ ಕೇಂದ್ರ 52.9 ಡಿಗ್ರಿ ದಾಖಲಿಸಿ ದೇಶದಲ್ಲೆಲ್ಲ ಸುದ್ದಿಯಾಗಿತ್ತು. ಹವಾಮಾನ ಇಲಾಖೆ ಪರಿಶೀಲಿಸಿ, ಮುಂಗೇಶಪುರದ ಸಂವೇದಕ 3 ಡಿಗ್ರಿ ಹೆಚ್ಚು ತೋರಿಸುತ್ತಿತ್ತು ಎಂದಿತು. ನಾಗಪುರದ ಅಂಕಿಯೂ ಸಂವೇದಕದ ದೋಷದಿಂದ ಬಂದದ್ದು ಎಂದು ತಿಳಿಸಿತು. ಆದರೆ ಅಷ್ಟರಲ್ಲಿ ಆ ಅಂಕಿಗಳು ವಾಟ್ಸ್‌ಆ್ಯಪ್‌ನಲ್ಲಿ ಊರೂರು ಸುತ್ತಿದ್ದವು.

ಇಂಥ ಒಂದೇ ಒಂದು ತಪ್ಪು ಅಂಕಿ ಸರಾಸರಿಯನ್ನು ಸ್ವಲ್ಪ ಎಳೆಯುತ್ತದೆ, ಆದರೆ ಮಾನಕ ವಿಚಲನೆಯನ್ನು ಬಹಳ ಹಿಗ್ಗಿಸುತ್ತದೆ. ದೂರವನ್ನು ವರ್ಗ ಮಾಡುವುದರಿಂದ ದೂರದ ಅಂಕಿಗೆ ತೂಕ ಹೆಚ್ಚು. ಹಾಗಾಗಿ ಡೈರಿಯಲ್ಲಿ ಏಕಾಏಕಿ ವಿಚಿತ್ರ ಅಂಕಿ ಕಂಡರೆ ಮೊದಲು ಕೈ ತೊಳೆದು ಒರೆಸಿಕೊಂಡು ಇನ್ನೊಮ್ಮೆ ಪರೀಕ್ಷಿಸಿ. ಮಾವಿನಹಣ್ಣು ಹೆಚ್ಚಿದ ಬೆರಳು, ಬೆಲ್ಲ ಮುಟ್ಟಿದ ಬೆರಳು ಶುಗರನ್ನು ನೂರಾರು ಅಂಕಿ ಹೆಚ್ಚಾಗಿ ತೋರಿಸಬಲ್ಲದು. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದೇ ಉಳಿದಿತ್ತೇ, ಅವಧಿ ಮುಗಿದಿದೆಯೇ, ಬಿಸಿಲು ಬೀಳುವ ಕಿಟಕಿಯ ಬಳಿ ಇತ್ತೇ ಎಂದೂ ನೋಡಿ. ಸ್ಟ್ರಿಪ್‌ಗೂ ಮೀಟರಿಗೂ ತಾಪಮಾನದ ಮಿತಿಯಿದೆ, ಅದು ಪೊಟ್ಟಣದ ಮೇಲೆಯೇ ಮುದ್ರಿತವಾಗಿರುತ್ತದೆ.

ಆದರೆ ಒಂದು ಎಚ್ಚರಿಕೆ. ಅಂಕಿ ಕಡಿಮೆ ಬಂದಾಗ, ಅದರಲ್ಲೂ ಬೆವರು, ನಡುಕ, ಗಲಿಬಿಲಿ ಇದ್ದಾಗ, "ಮೀಟರ್ ತಪ್ಪಿರಬೇಕು" ಎಂದು ಕಾಯಬೇಡಿ. ಮೊದಲು ಸಕ್ಕರೆ ಕೊಡಿ, ಆಮೇಲೆ ಮೀಟರಿನ ಮಾತು.

ಸರಿಯಾಗಿರುವ ಮೀಟರಿಗೂ ತನ್ನದೇ ಆದ ಅಲುಗಾಟವಿದೆ. ಅಂತಾರಾಷ್ಟ್ರೀಯ ಐಎಸ್‌ಒ 15197 ಮಾನದಂಡದ ಪ್ರಕಾರ, ಶುಗರ್ 100 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ನೂರರಲ್ಲಿ 95 ಫಲಿತಾಂಶಗಳು ಪ್ರಯೋಗಾಲಯದ ಅಳತೆಯಿಂದ ಶೇ. 15ರೊಳಗೆ ಇದ್ದರೆ ಸಾಕು. 100ಕ್ಕಿಂತ ಕಡಿಮೆಯಿದ್ದಾಗ 15 ಮಿಲಿಗ್ರಾಂ ಒಳಗೆ. ಅಂದರೆ ನಿಜವಾದ ಶುಗರ್ 155 ಇದ್ದರೂ ಒಳ್ಳೆಯ ಮೀಟರ್ 132ರಿಂದ 178ರವರೆಗೆ ಎಲ್ಲಿಯಾದರೂ ತೋರಿಸಬಹುದು. ಜನವರಿಯ ವಾರದ ಏಳೂ ಅಂಕಿಗಳು ಈ ಗೆರೆಗಳ ಒಳಗೇ ಇವೆ. "ನಿನ್ನೆ 140, ಇವತ್ತು 175, ಏನು ತಿಂದಿರಿ?" ಎಂದು ಅಪ್ಪನನ್ನು ಗದರಿಸುವ ಮುನ್ನ ಇದನ್ನು ನೆನೆಯಿರಿ. ಆ ಏರಿಳಿತ ಮೀಟರಿನದೇ ಇರಬಹುದು. ಮೇ ತಿಂಗಳ 62 ಮತ್ತು 248 ಮಾತ್ರ ಹಾಗೆ ಪಕ್ಕಕ್ಕಿಡುವ ಅಂಕಿಗಳಲ್ಲ.

ಎಸ್‌ಡಿ ಕಡಿಮೆ ಇದ್ದರೆ ಒಳ್ಳೆಯದೇ?

ಯಾವಾಗಲೂ ಅಲ್ಲ. ಒಬ್ಬರ ಶುಗರ್ ದಿನವೂ 290ರಿಂದ 310ರ ನಡುವೆಯೇ ಇದ್ದರೆ ಎಸ್‌ಡಿ ತುಂಬ ಚಿಕ್ಕದು, ಆದರೆ ಅದು ಆರೋಗ್ಯವಲ್ಲ. ಎಸ್‌ಡಿಯನ್ನು ಎಂದೂ ಒಂಟಿಯಾಗಿ ಓದಬೇಡಿ, ಸರಾಸರಿಯ ಪಕ್ಕದಲ್ಲಿಟ್ಟು ಓದಿ.

ಎರಡು ವಾರಗಳ ಸರಾಸರಿ ಬೇರೆ ಬೇರೆ ಇದ್ದಾಗ ಇನ್ನೊಂದು ತೊಡಕು ಬರುತ್ತದೆ. ಸರಾಸರಿ 200 ಇರುವಾಗ 40ರ ಏರಿಳಿತ ಒಂದು ಬಗೆ, ಸರಾಸರಿ 100 ಇರುವಾಗ ಅದೇ 40ರ ಏರಿಳಿತ ಇನ್ನೊಂದು ಬಗೆ. ಎರಡನೆಯದರಲ್ಲಿ ಶುಗರ್ 60ಕ್ಕೆ ಇಳಿಯುವುದು ಸುಲಭ. ಅದಕ್ಕಾಗಿ ಎಸ್‌ಡಿಯನ್ನು ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. ಬರುವ ಶೇಕಡಾ ಅಂಕಿಗೆ ವರದಿಗಳಲ್ಲಿ ಸಿವಿ ಎಂಬ ಹೆಸರು. ನಮ್ಮ ಜನವರಿಯ ವಾರದ ಸಿವಿ ಸುಮಾರು ಶೇ. 10, ಮೇ ತಿಂಗಳದ್ದು ಸುಮಾರು ಶೇ. 46.

ತೋಳಿಗೆ ಅಂಟಿಸಿಕೊಂಡು ಹಗಲಿರುಳು ಶುಗರ್ ಅಳೆಯುವ ಸಿಜಿಎಂ ಸೆನ್ಸರ್ ಬಳಸುವವರ ವರದಿಯಲ್ಲಿ ಈ ಅಂಕಿ ಅಚ್ಚಾಗಿಯೇ ಬರುತ್ತದೆ. 2019ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಒಪ್ಪಿದ ಮಾರ್ಗಸೂಚಿಯ ಪ್ರಕಾರ ಸಿವಿ ಶೇ. 36 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಶುಗರ್ ಸ್ಥಿರ ಎನ್ನಬಹುದು. ಅದೇ ಮಾರ್ಗಸೂಚಿ, ಹೆಚ್ಚಿನ ವಯಸ್ಕರಿಗೆ ದಿನದ ಶೇ. 70ಕ್ಕಿಂತ ಹೆಚ್ಚು ಸಮಯ ಶುಗರ್ 70–180ರ ನಡುವೆ ಇರಬೇಕು, 70ಕ್ಕಿಂತ ಕೆಳಗೆ ಶೇ. 4ಕ್ಕಿಂತ ಕಡಿಮೆ ಸಮಯ ಇರಬೇಕು ಎನ್ನುತ್ತದೆ. ವಯಸ್ಸಾದವರಿಗೆ, ಬೇರೆ ಕಾಯಿಲೆಗಳಿಂದ ಬಳಲುತ್ತಿರುವವರಿಗೆ ಗುರಿಯನ್ನು ಸಡಿಲಿಸಿದ್ದಾರೆ: 70–180ರ ನಡುವೆ ಅರ್ಧಕ್ಕಿಂತ ಹೆಚ್ಚು ಸಮಯ ಇದ್ದರೆ ಸಾಕು. ಆದರೆ 70ರ ಕೆಳಗೆ ಹೋಗುವ ಸಮಯ ಶೇ. 1ಕ್ಕಿಂತ ಕಡಿಮೆ ಇರಲೇಬೇಕು. ಗಮನಿಸಿ, ಹಿರಿಯರಿಗೆ ಮೇಲಿನ ಗೆರೆ ಸಡಿಲವಾಯಿತು, ಕೆಳಗಿನ ಗೆರೆ ಇನ್ನೂ ಬಿಗಿಯಾಯಿತು. ಲೋ ಶುಗರಿನಿಂದ ಬಿದ್ದು ಮೂಳೆ ಮುರಿಯುವ ಅಪಾಯ ಅವರಿಗೆ ಹೆಚ್ಚು.

ಈ 36ರ ಗೆರೆ ದಿನಕ್ಕೆ ನೂರಾರು ಅಂಕಿ ಕೊಡುವ ಸೆನ್ಸರಿಗಾಗಿ ಹಾಕಿದ್ದು. ದಿನಕ್ಕೊಂದು ಬಾರಿ ಬೆರಳು ಚುಚ್ಚಿ ಬರೆದ ಏಳು ಅಂಕಿಗಳಿಗೆ ಅದನ್ನು ಹಾಗೆಯೇ ಹಚ್ಚಬೇಡಿ. ನಿಮ್ಮ ಡೈರಿಯನ್ನು ನಿಮ್ಮದೇ ಹಿಂದಿನ ಡೈರಿಯೊಂದಿಗೆ ಹೋಲಿಸಿ. ಒಂದೇ ಮೀಟರ್, ಒಂದೇ ಹೊತ್ತು, ಸುಮಾರು ಅಷ್ಟೇ ದಿನಗಳು. ತಿಂಡಿಗೆ ಮುಂಚಿನ ಅಂಕಿಗಳನ್ನು ಊಟವಾದ ಮೇಲಿನ ಅಂಕಿಗಳೊಂದಿಗೆ ಬೆರೆಸಿದರೆ ಎಸ್‌ಡಿ ಸುಮ್ಮನೆ ಹಿಗ್ಗುತ್ತದೆ.

ಮೇ ತಿಂಗಳಲ್ಲಿ ಏರಿಳಿತ ಹೆಚ್ಚುವುದೇಕೆ?

ಒಂದೇ ಕಾರಣ ಇರುವುದಿಲ್ಲ. ಬಿಸಿಯಲ್ಲಿ ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ ಚುಚ್ಚಿದ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುತ್ತದೆ, ಶುಗರ್ ಬೇಗ ಇಳಿಯುತ್ತದೆ. ಬಿಸಿಲಿಗೆ ಹಸಿವು ಸತ್ತು ಊಟ ಅರ್ಧಕ್ಕೆ ಬಿಟ್ಟರೂ ಇನ್ಸುಲಿನ್ ಮಾತ್ರ ಪೂರ್ತಿ ಹೋಗಿರುತ್ತದೆ. ಇವು ಶುಗರನ್ನು ಕೆಳಕ್ಕೆ ಎಳೆಯುತ್ತವೆ. ಇನ್ನೊಂದು ಕಡೆ ನೀರು ಕಡಿಮೆಯಾಗಿ ದೇಹ ಒಣಗಿದರೆ ಶುಗರ್ ಏರುತ್ತದೆ. ಶರಬತ್ತು, ಕಬ್ಬಿನ ಹಾಲು, ಮಾವಿನಹಣ್ಣು ಏರಿಸುತ್ತವೆ. ಬಿಸಿಗೆ ಸಿಕ್ಕಿ ಶಕ್ತಿ ಕಳೆದುಕೊಂಡ ಇನ್ಸುಲಿನ್ ಕೆಲಸ ಮಾಡದೆ ಶುಗರ್ ಏರಿಯೇ ಉಳಿಯುತ್ತದೆ. ದಿನವೂ ಒಂದೇ ಜಾಗಕ್ಕೆ ಚುಚ್ಚಿ ಅಲ್ಲಿ ಗಂಟು ಕಟ್ಟಿದ್ದರೆ ಇನ್ಸುಲಿನ್ ಒಂದು ದಿನ ಹೀರಿಕೊಂಡಂತೆ ಇನ್ನೊಂದು ದಿನ ಹೀರಿಕೊಳ್ಳುವುದಿಲ್ಲ. ಇದು ಬೇಸಿಗೆಗೆ ಸೀಮಿತವಲ್ಲ, ಆದರೆ ಏರಿಳಿತದ ಸಾಮಾನ್ಯ ಕಾರಣ.

ಡೈರಿಯ ಅಂಕಿಯ ಪಕ್ಕದಲ್ಲಿ ಎರಡು ಪದ ಬರೆದಿಟ್ಟರೆ ಕಾರಣ ಹಿಡಿಯುವುದು ಸುಲಭ: "ಊಟ ಅರ್ಧ", "ಹೊಸ ಪೆನ್", "ಬಸ್ ಪ್ರಯಾಣ", "ಕರೆಂಟ್ ಇಲ್ಲ".

ಇನ್ಸುಲಿನ್ ಕಾಪಾಡುವುದು ಹೇಗೆ?

ತೆರೆಯದ ಇನ್ಸುಲಿನ್ ಅನ್ನು 2–8 ಡಿಗ್ರಿಯಲ್ಲಿ, ಅಂದರೆ ಫ್ರಿಜ್‌ನ ಒಳಗಿನ ತಟ್ಟೆಯಲ್ಲಿ ಇಡಬೇಕು. ಫ್ರೀಜರಿನಲ್ಲಿ ಬೇಡ, ಹೆಪ್ಪುಗಟ್ಟಿದ ಇನ್ಸುಲಿನ್ ಎಸೆಯಬೇಕಾದದ್ದೇ. ಬಳಸುತ್ತಿರುವ ಸೀಸೆ ಅಥವಾ ಪೆನ್ನನ್ನು ಪೊಟ್ಟಣದಲ್ಲಿ ಹೇಳಿದ ತಾಪಮಾನದಲ್ಲಿ, ಸಾಮಾನ್ಯವಾಗಿ 25ರಿಂದ 30 ಡಿಗ್ರಿಯೊಳಗೆ, ಹೆಚ್ಚಿನ ಬಗೆಗಳಲ್ಲಿ ಸುಮಾರು ನಾಲ್ಕು ವಾರ ಬಳಸಬಹುದು. ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ.

ಫ್ರಿಜ್ ಇಲ್ಲದವರು, ದಿನಕ್ಕೆ ಹಲವು ಗಂಟೆ ಕರೆಂಟ್ ಹೋಗುವ ಕಡೆ ಇರುವವರು ಕಂಗೆಡಬೇಕಿಲ್ಲ. ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಮತ್ತು ಜಿನೀವಾ ವಿಶ್ವವಿದ್ಯಾಲಯ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೀನ್ಯಾದ ನಿರಾಶ್ರಿತರ ಶಿಬಿರದ ಮನೆಗಳಲ್ಲಿರುವಂತೆ ತಾಪಮಾನ 25ರಿಂದ 37 ಡಿಗ್ರಿಯ ನಡುವೆ ಏರಿಳಿದರೂ ಇನ್ಸುಲಿನ್ ನಾಲ್ಕು ವಾರ ತನ್ನ ಶಕ್ತಿ ಉಳಿಸಿಕೊಂಡಿತ್ತು. 2023ರ ಕಾಕ್ರೇನ್ ವಿಮರ್ಶೆಯೂ, ತೆರೆಯದ ಮಾನವ ಇನ್ಸುಲಿನ್ 25 ಡಿಗ್ರಿಯವರೆಗೆ ಆರು ತಿಂಗಳು, 37 ಡಿಗ್ರಿಯವರೆಗೆ ಎರಡು ತಿಂಗಳು ಇಡಬಹುದೆಂಬುದಕ್ಕೆ ಆಧಾರಗಳನ್ನು ಮುಂದಿಟ್ಟಿತು. ಫ್ರಿಜ್ ಇರುವವರು ಪೊಟ್ಟಣದ ಸೂಚನೆಯನ್ನೇ ಪಾಲಿಸಿ. ಇಲ್ಲದವರಿಗೆ ಇದು ಧೈರ್ಯದ ಮಾತು. ಎರಡರಲ್ಲೂ ಮೇಲಿನ ಗೆರೆ 37 ಎಂಬುದನ್ನು ಮಾತ್ರ ಮರೆಯಬೇಡಿ. ಮಂಗಳೂರಿನ ಅಲಮಾರು ಸಾಮಾನ್ಯವಾಗಿ ಆ ಗೆರೆ ದಾಟುವುದಿಲ್ಲ. ವಿದರ್ಭದಲ್ಲಿ ತಗಡು ಮಾಡಿನ ಮನೆ ಮೇ ಮಧ್ಯಾಹ್ನ ಸುಲಭವಾಗಿ ದಾಟುತ್ತದೆ. ಕದ ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರು ಹೊರಗಿನ ಬಿಸಿಗಿಂತಲೂ ಬಹಳ ಮೇಲೆ ಹೋಗುತ್ತದೆ.

ಈ ಒಣ ಸೆಕೆಗೆ ಮಡಕೆ ಒಳ್ಳೆಯ ಜೊತೆಗಾರ. ಇಲ್ಲಿ ಮಾಠ ಎನ್ನುವ ನೀರಿನ ಮಡಕೆಯ ಹೊರಮೈಯಿಂದ ನೀರು ಆವಿಯಾಗುತ್ತಾ ಒಳಗನ್ನು ತಂಪಾಗಿಸುತ್ತದೆ. ದೊಡ್ಡ ಮಡಕೆಯೊಳಗೆ ಒದ್ದೆ ಮರಳು ಹಾಕಿ, ಅದರ ಮೇಲೆ ಚಿಕ್ಕ ಮಡಕೆ ಇಟ್ಟು, ಇನ್ಸುಲಿನ್ ಅನ್ನು ನೀರು ಒಳಹೋಗದ ಡಬ್ಬಿಯಲ್ಲಿ ಹಾಕಿ ಅದರೊಳಗಿಡಿ. ಗಾಳಿಯಾಡುವ ನೆರಳಿನಲ್ಲಿರಲಿ, ಮರಳು ಒಣಗದಿರಲಿ. ಗಾಳಿ ಒಣದಾಗಿದ್ದಷ್ಟೂ ಈ ಉಪಾಯ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೇ ನಾಗಪುರದಲ್ಲಿ ನಡೆಯುವಷ್ಟು ಅದು ಕರಾವಳಿಯ ತೇವದ ಗಾಳಿಯಲ್ಲಿ ನಡೆಯುವುದಿಲ್ಲ. ಒಳಗೊಂದು ಅಗ್ಗದ ಥರ್ಮಾಮೀಟರ್ ಇಟ್ಟು ದಿನದ ಅತಿ ಹೆಚ್ಚಿನ ಅಂಕಿಯನ್ನು ಬರೆಯಿರಿ, ಸರಾಸರಿಯನ್ನಲ್ಲ.

ತಿಳಿಯಾಗಿರಬೇಕಾದ ಇನ್ಸುಲಿನ್ ಮಸುಕಾಗಿದ್ದರೆ, ಬಿಳಿ ಇನ್ಸುಲಿನ್ ಅಲುಗಾಡಿಸಿದರೂ ಗರಣೆಗಟ್ಟಿದ್ದರೆ ಬಳಸಬೇಡಿ. ನೋಡಲು ಚೆನ್ನಾಗಿದ್ದರೂ ಶಕ್ತಿ ಕುಗ್ಗಿರಬಹುದು. ಕಾರಣವಿಲ್ಲದೆ ಅಂಕಿಗಳು ಏರುತ್ತಲೇ ಇದ್ದರೆ ಹೊಸ ಸೀಸೆಗೆ ಬದಲಿಸುವ ಬಗ್ಗೆ ವೈದ್ಯರನ್ನೋ ಫಾರ್ಮಸಿಸ್ಟರನ್ನೋ ಕೇಳಿ. ನೀವಾಗಿಯೇ ಡೋಸ್ ಹೆಚ್ಚಿಸಬೇಡಿ. ಶಕ್ತಿ ಕುಗ್ಗಿದ ಇನ್ಸುಲಿನ್‌ಗೆಂದು ಏರಿಸಿದ ಡೋಸನ್ನು ಹೊಸ ಸೀಸೆಯಿಂದ ತೆಗೆದುಕೊಂಡರೆ ಶುಗರ್ ಅಪಾಯಕಾರಿಯಾಗಿ ಕುಸಿಯಬಹುದು.

ಶುಗರ್ 70ಕ್ಕಿಂತ ಕೆಳಗಿಳಿದರೆ

ಎಚ್ಚರವಿದ್ದು ನುಂಗಲು ಆಗುವವರಿಗೆ ಸುಮಾರು 15 ಗ್ರಾಂ ಗ್ಲುಕೋಸ್ ಅಥವಾ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡಿ. 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಇನ್ನೂ 70ಕ್ಕಿಂತ ಕಡಿಮೆಯಿದ್ದರೆ ಮತ್ತೊಮ್ಮೆ ಕೊಡಿ. ಸರಿಹೋದ ಮೇಲೆ ಏನಾದರೂ ತಿನ್ನಿಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಆಂಬುಲೆನ್ಸ್‌ಗೆ ಅದೇ ಸಂಖ್ಯೆ.

ವೈದ್ಯರ ಬಳಿ ಹೋಗುವಾಗ

ಐಸಿಎಂಆರ್–ಇಂಡಿಯಾಬ್ ಅಧ್ಯಯನ 2023ರಲ್ಲಿ ಅಂದಾಜಿಸಿದಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆಯಿದೆ. ಕಿಕ್ಕಿರಿದ ಓಪಿಡಿಯಲ್ಲಿ ನಿಮಗೆ ಸಿಗುವುದು ಕೆಲವೇ ನಿಮಿಷ. ಇಡೀ ಡೈರಿಯನ್ನು ಮುಂದಿಡುವುದರ ಜೊತೆಗೆ, ಅದರ ಮೇಲೆ ಒಂದು ಚೀಟಿಯಲ್ಲಿ ಐದು ಸಾಲು ಬರೆದುಕೊಂಡು ಹೋಗಿ:

• ಕಳೆದ ಎರಡು ವಾರದ ಬೆಳಗಿನ ಸರಾಸರಿ
• ಅದೇ ಅಂಕಿಗಳ ಎಸ್‌ಡಿ, ಮತ್ತು ಹಿಂದಿನ ಭೇಟಿಯ ಸಮಯದ ಎಸ್‌ಡಿ
• ಅತಿ ಕಡಿಮೆ ಅಂಕಿ, ಅದು ಬಂದ ದಿನ ಮತ್ತು ಹೊತ್ತು
• 70ಕ್ಕಿಂತ ಕೆಳಗೆ ಎಷ್ಟು ಬಾರಿ ಹೋಯಿತು
• ಇನ್ಸುಲಿನ್ ಎಲ್ಲಿಟ್ಟಿದ್ದೀರಿ, ಈಗಿನ ಸೀಸೆ ತೆರೆದು ಎಷ್ಟು ದಿನವಾಯಿತು

ಎಸ್‌ಡಿ ಲೆಕ್ಕ ಕಷ್ಟವೆನಿಸಿದರೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿ ಎರಡನ್ನಾದರೂ ಬರೆಯಿರಿ. "ಸರಾಸರಿ 155" ಎಂಬುದಕ್ಕಿಂತ "ಸರಾಸರಿ 155, ಆದರೆ 62ರಿಂದ 248ರವರೆಗೆ ಹೋಗುತ್ತಿದೆ, ಜನವರಿಯಲ್ಲಿ ಹೀಗಿರಲಿಲ್ಲ" ಎಂಬ ಮಾತು ವೈದ್ಯರಿಗೆ ಹೆಚ್ಚು ಹೇಳುತ್ತದೆ. ಮೊದಲನೆಯದನ್ನು ಕೇಳಿದವರು ಅದೇ ಔಷಧ ಮುಂದುವರಿಸಿ ಎನ್ನಬಹುದು. ಎರಡನೆಯದನ್ನು ಕೇಳಿದವರು ಡೋಸ್, ಊಟದ ಹೊತ್ತು, ಚುಚ್ಚುವ ಜಾಗ, ಇನ್ಸುಲಿನ್ ಇಡುವ ಜಾಗ ಎಲ್ಲವನ್ನೂ ವಿಚಾರಿಸುತ್ತಾರೆ.

ಈ ಲೇಖನ ತಿಳಿವಳಿಕೆಗಾಗಿ. ಔಷಧ ಅಥವಾ ಡೋಸ್ ಬದಲಾವಣೆಯನ್ನು ನಿಮ್ಮ ವೈದ್ಯರನ್ನು ಕೇಳಿಯೇ ಮಾಡಿ.